ಮನೆಯೊಳಗಿನ ಹಳೆಯ ಬೀಡು ಕಬ್ಬಿಣದ ಡ್ರೈನ್ ಪೈಪನ್ನು ಯಾವುದರಿಂದ ಕತ್ತರಿಸುವುದು?

ಹಳೆಮನೆ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಮ್ಮ ಬಚ್ಚಲುಮನೆಯ ಹಿಂದಿನ ಡಕ್ಟಿನಲ್ಲಿ, ಅಂದರೆ ಪೈಪುಗಳು ಇಳಿಯುವ ಇಕ್ಕಟ್ಟಾದ ಓಣಿಯಲ್ಲಿ, ಮೇಲಿನ ಎರಡು ಮಹಡಿಗಳಿಂದ ಇಳಿದು ಬರುವ ಬೀಡು ಕಬ್ಬಿಣದ ಡ್ರೈನ್ ಪೈಪು, ಅಂದರೆ ಪ್ಲಂಬರುಗಳು ಸಿಐ ಪೈಪು ಎನ್ನುವುದು, ಒಂದು ಗೇಣಿನಷ್ಟು ಉದ್ದಕ್ಕೆ ಸೀಳಿಕೊಂಡಿದೆ. ಒಳವ್ಯಾಸ 100 ಮಿ.ಮೀ. ಸೀಳಿದ ಭಾಗವನ್ನು ಒಳಗೊಂಡಂತೆ ಸುಮಾರು 600 ಮಿ.ಮೀ. ತುಂಡನ್ನು ತೆಗೆದು, ಆ ಜಾಗಕ್ಕೆ ಪಿವಿಸಿ ಪೈಪನ್ನು ಎರಡು ರಬ್ಬರ್ ಕಪ್ಲಿಂಗುಗಳಿಂದ ಜೋಡಿಸಬೇಕೆಂದಿದ್ದೇನೆ. ಪೈಪಿಗೂ ಹಿಂದಿನ ಗೋಡೆಗೂ ನಡುವೆ 40 ಮಿ.ಮೀ. ಸಂದಿದೆ, ಎಡಬಲಗಳಲ್ಲಿ ಕೈ ತೂರುತ್ತದೆಯೇ ಹೊರತು ಯಂತ್ರ ತೂರುವುದಿಲ್ಲ. ನನ್ನ ಬಳಿ 100 ಮಿ.ಮೀ. ಬಿಲ್ಲೆಯ ಆ್ಯಂಗಲ್ ಗ್ರೈಂಡರ್ ಮತ್ತು ಹ್ಯಾಕ್ಸಾ ಇವೆ. ಇಷ್ಟರಲ್ಲೇ ಕೆಲಸ ಮುಗಿಯುತ್ತದೆಯೇ, ಚೈನ್ ಕಟರನ್ನು ಬಾಡಿಗೆಗೆ ತರಬೇಕೇ, ಅಥವಾ ಹಿಂದೆ ಮುಂದೆ ಆಡುವ ವಿದ್ಯುತ್ ಗರಗಸವನ್ನು ಕೊಳ್ಳುವುದು ಮೇಲೇ ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ವಿನಂತಿ.

ಕೊಳಾಯಿಗಾರ ಬರೆದಿದ್ದಾರೆ:

ನನ್ನ ಮತ ಚೈನ್ ಕಟರಿಗೆ. ಸೈಕಲ್ ಚೈನಿನಂತಹ ಒಂದು ಸರಪಳಿ, ಅದರ ಪ್ರತಿ ಕೊಂಡಿಯಲ್ಲೂ ಗಟ್ಟಿ ಉಕ್ಕಿನ ಚೂಪು ಚಕ್ರ, ಒಂದು ತುದಿಯಲ್ಲಿ ಬಿಗಿಯುವ ಹಿಡಿಕೆ: ಅದರ ರಚನೆ ಇಷ್ಟೇ. ಸರಪಳಿಯನ್ನು ಪೈಪಿಗೆ ಸುತ್ತಿ ಕೊಕ್ಕೆಗೆ ಸಿಕ್ಕಿಸಿ ಹಿಡಿಕೆಯನ್ನು ಬಿಗಿಯುತ್ತಾ ಹೋದರೆ ಚಕ್ರಗಳೆಲ್ಲ ಒಂದೇ ವೃತ್ತದಲ್ಲಿ ಪೈಪಿನೊಳಕ್ಕೆ ನಾಟಿಕೊಳ್ಳುತ್ತವೆ, ಮತ್ತು ಒತ್ತಡ ಒಂದು ಹಂತ ಮುಟ್ಟಿದ ಕೂಡಲೇ ಪೈಪು "ಟಣ್" ಎಂದು ಸುತ್ತಲೂ ಒಮ್ಮೆಗೇ ಮುರಿಯುತ್ತದೆ. ಕಿಡಿಯಿಲ್ಲ, ಧೂಳಿಲ್ಲ, ವಿದ್ಯುತ್ತೂ ಬೇಡ. ಇದರಲ್ಲಿ ಎರಡು ಬಗೆ. ಕತ್ತರಿ ಮಾದರಿಯದ್ದಕ್ಕೆ ಎರಡು ಉದ್ದನೆಯ ಹಿಡಿಕೆಗಳನ್ನು ಅಗಲಿಸಲು ಜಾಗ ಬೇಕು. ರ‍್ಯಾಚೆಟ್ ಮಾದರಿಯದ್ದನ್ನು ಇಕ್ಕಟ್ಟಿನಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಆಡಿಸಿ ಬಿಗಿಯಬಹುದು, ಆದ್ದರಿಂದ ತಮ್ಮ ಡಕ್ಟಿಗೆ ಅದೇ ಸರಿ. ಸರಪಳಿ ತೂರಲು 40 ಮಿ.ಮೀ. ಧಾರಾಳ.

ಒಂದು ಕಿವಿಮಾತು. ಮೊದಲ ಬಿಗಿತಕ್ಕೇ ಮುರಿಯಲು ಹೋಗಬೇಡಿ. ಅರ್ಧ ಬಿಗಿದು, ಸಡಿಲಿಸಿ, ಸರಪಳಿಯನ್ನು ಅದೇ ಗೆರೆಯ ಮೇಲೆ ತುಸು ತಿರುಗಿಸಿ ಮತ್ತೆ ಬಿಗಿದರೆ ಚಕ್ರಗಳ ನಡುವಿನ ಜಾಗಕ್ಕೂ ಗೀರು ಬಿದ್ದಿರುತ್ತದೆ, ಆಗ ಒಡಕು ದಾರಿ ತಪ್ಪುವ ಸಂಭವ ಕಡಿಮೆ.

ಕುಲುಮೆ ಬರೆದಿದ್ದಾರೆ:

ಚೈನ್ ಕಟರ್ ಒಳ್ಳೆಯ ಸಾಧನ ಎಂಬುದರಲ್ಲಿ ತಕರಾರಿಲ್ಲ. ಆದರೆ ಪ್ರಶ್ನೆ ಕೇಳಿದವರ ಪೈಪು ಈಗಾಗಲೇ ಉದ್ದಕ್ಕೆ ಸೀಳಿದೆ ಎಂಬುದನ್ನು ಕೊಳಾಯಿಗಾರರು ಗಣನೆಗೆ ತೆಗೆದುಕೊಂಡಂತಿಲ್ಲ.

ಬೂದು ಬೀಡು ಕಬ್ಬಿಣದೊಳಗೆ ಇಂಗಾಲವು ಗ್ರಾಫೈಟಿನ ಸಣ್ಣ ಸಣ್ಣ ಹಾಳೆಗಳಾಗಿ ಹರಡಿಕೊಂಡಿರುತ್ತದೆ. ಆ ಲೋಹ ಅದುಮುವ ಬಲವನ್ನು ಎಳೆಯುವ ಬಲದ ಮೂರು ನಾಲ್ಕು ಪಟ್ಟು ತಾಳಿಕೊಳ್ಳುತ್ತದೆ. ಎಳೆತ ಬಿದ್ದಲ್ಲಿ ಮಾತ್ರ ಒಂದು ಹಾಳೆಯ ಅಂಚಿನಿಂದ ಇನ್ನೊಂದಕ್ಕೆ ಬಿರುಕು ಓಡುತ್ತದೆ. ಚೈನ್ ಕಟರ್ ಬಳಸಿಕೊಳ್ಳುವುದು ಇದೇ ಗುಣವನ್ನು. ಪೈಪಿನ ಗೋಡೆ ಎಲ್ಲ ಕಡೆ ಒಂದೇ ದಪ್ಪವಿದ್ದು ಗಟ್ಟಿಯಾಗಿದ್ದರೆ ಬಿರುಕು ಚಕ್ರಗಳ ಗೆರೆಯಲ್ಲೇ ಓಡುತ್ತದೆ. ಒಂದು ಕಡೆ ತೆಳುವಾಗಿದ್ದರೆ, ಅಥವಾ ಮೊದಲೇ ಸೀಳಿದ್ದರೆ, ಅದು ತನಗೆ ಸುಲಭವಾದ ದಾರಿ ಹಿಡಿಯುತ್ತದೆ. ಆಗ ತಮಗೆ ಉಳಿಯಬೇಕಾಗಿದ್ದ ಮೇಲಿನ ಭಾಗವೇ ಉದ್ದಕ್ಕೆ ಸೀಳಿ, ಕಪ್ಲಿಂಗ್ ಕೂರಿಸಲು ನೆಟ್ಟಗಿನ ಅಂಚೇ ಸಿಗದೆ ಹೋಗಬಹುದು.

ಇದಕ್ಕಿಂತ ಮೋಸದ ಸ್ಥಿತಿ ಇನ್ನೊಂದಿದೆ. ದೀರ್ಘಕಾಲ ತೇವದಲ್ಲಿದ್ದ ಬೀಡಿನಿಂದ ಕಬ್ಬಿಣದ ಅಂಶ ಕರಗಿ ಹೊರಟುಹೋಗಿ ಗ್ರಾಫೈಟ್ ಮತ್ತು ತುಕ್ಕು ಮಾತ್ರ ಅದೇ ಆಕಾರದಲ್ಲಿ ನಿಂತಿರುತ್ತವೆ. ನೋಟಕ್ಕೆ ಪೈಪು ಇದ್ದಂತೆಯೇ ಇರುತ್ತದೆ. ಚಾಕುವಿನಿಂದ ಕೆರೆದರೆ ಪೆನ್ಸಿಲಿನ ಸೀಸದಂತೆ ಉದುರುತ್ತದೆ. ಅಂತಹ ಪೈಪಿಗೆ ಸರಪಳಿ ಬಿಗಿದರೆ ಮುರಿಯುವುದಿಲ್ಲ, ಹಿಸುಕಿಹೋಗುತ್ತದೆ.

ಆದ್ದರಿಂದ ಸಾಧನ ಯಾವುದೆಂದು ಕೇಳುವ ಮೊದಲು ಪೈಪು ಹೇಗಿದೆಯೆಂದು ನೋಡಬೇಕು. ಕತ್ತರಿಸಬೇಕಾದ ಎರಡೂ ಗೆರೆಗಳ ಸುತ್ತ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಬೀಡು ಗಂಟೆಯಂತೆ ನುಡಿಯುತ್ತದೆ, ಸತ್ತ ಬೀಡು ಮಡಕೆಯಂತೆ ಬೊದ್ದು ಸದ್ದು ಕೊಡುತ್ತದೆ. ತೆಗೆದುಹಾಕುವ ತುಂಡಿನಲ್ಲಿಯೇ ಗೆರೆಯ ಹತ್ತಿರ 4 ಮಿ.ಮೀ. ರಂಧ್ರವೊಂದನ್ನು ಕೊರೆದು, ಬಾಗಿಸಿದ ತಂತಿಯ ಕೊಕ್ಕೆಯಿಂದ ದಪ್ಪವನ್ನೂ ಅಳೆಯಬಹುದು. ಪೈಪಿನೊಳಗೆ ನೀರು ಕಟ್ಟಿಕೊಂಡಿದೆಯೇ ಎಂಬುದೂ ಅದರಿಂದಲೇ ತಿಳಿಯುತ್ತದೆ.

ಇನ್ನೊಂದು ಮಾತು: ಮೊದಲು ಒಂದು ಅಯಸ್ಕಾಂತವನ್ನು ಅಂಟಿಸಿ ನೋಡಿ. ಬಣ್ಣ ಬಳಿದ ಆಸ್ಬೆಸ್ಟಾಸ್ ಸಿಮೆಂಟ್ ಪೈಪು ಡಕ್ಟಿನ ಮಬ್ಬುಗತ್ತಲಲ್ಲಿ ಬೀಡಿನಂತೆಯೇ ಕಾಣುತ್ತದೆ. ಅಯಸ್ಕಾಂತ ಹಿಡಿಯದಿದ್ದರೆ ಗ್ರೈಂಡರನ್ನೂ ಗರಗಸವನ್ನೂ ಅದರ ಹತ್ತಿರ ಒಯ್ಯಬಾರದು; ಆ ಧೂಳು ಶ್ವಾಸಕೋಶಕ್ಕೆ ಮಾರಕ, ಅದು ತರಬೇತಿ ಪಡೆದವರ ಕೆಲಸ.

ಮೂರನೆಯ ಮಹಡಿ ಬರೆದಿದ್ದಾರೆ:

ಇಷ್ಟೊಂದು ಯೋಚನೆ ಏಕೆ ಎಂಬುದು ನನಗೆ ಅರ್ಥವಾಗುತ್ತಿಲ್ಲ. ಗ್ರೈಂಡರ್ ಕೈಯಲ್ಲೇ ಇದೆ. ಬೀಡನ್ನು ಅದು ಬೆಣ್ಣೆಯಂತೆ ಕೊಯ್ಯುತ್ತದೆ. ನಾನು ನಮ್ಮ ಮನೆಯ ಪೈಪನ್ನು ಹತ್ತು ನಿಮಿಷದಲ್ಲಿ ಕತ್ತರಿಸಿದ್ದೇನೆ.

ಹಳೆಮನೆ ಬರೆದಿದ್ದಾರೆ:

ಕುಲುಮೆಯವರು ಹೇಳಿದಂತೆ ಮಾಡಿದೆ. ಅಯಸ್ಕಾಂತ ಗಟ್ಟಿಯಾಗಿ ಹಿಡಿಯಿತು, ಸಮಾಧಾನವಾಯಿತು. ಸುತ್ತಿಗೆಯ ಸದ್ದು ಕೆಳಗಿನ ಗೆರೆಯಲ್ಲಿ ಸುತ್ತಲೂ ಚೆನ್ನಾಗಿದೆ. ಮೇಲಿನ ಗೆರೆಯಲ್ಲಿ ಮುಂಭಾಗ ಗಂಟೆಯಂತೆ ನುಡಿದರೆ, ಗೋಡೆಯ ಕಡೆಗೆ ಕೈ ತೂರಿಸಿ ಸ್ಪಾನರಿನ ತುದಿಯಿಂದ ತಟ್ಟಿದಾಗ ಸದ್ದು ಬೊದ್ದಾಗಿತ್ತು. ಮುಂಭಾಗದಲ್ಲಿ ಕೊರೆದ ರಂಧ್ರದಲ್ಲಿ ದಪ್ಪ 5 ಮಿ.ಮೀ.ಗಿಂತ ತುಸು ಹೆಚ್ಚು ಸಿಕ್ಕಿತು. ನೀರೇನೂ ಬರಲಿಲ್ಲ, ವಾಸನೆ ಮಾತ್ರ ಬಂತು.

ಮೂರನೆಯ ಮಹಡಿಯವರಲ್ಲಿ ಒಂದು ಪ್ರಶ್ನೆ: ತಮ್ಮ ಪೈಪಿನ ಹಿಂಭಾಗವನ್ನು ಗ್ರೈಂಡರಿನಿಂದ ಹೇಗೆ ಮುಟ್ಟಿದಿರಿ?

ಮೂರನೆಯ ಮಹಡಿ ಬರೆದಿದ್ದಾರೆ:

ನಮ್ಮದು ಗೋಡೆಯಿಂದ ಒಂದಡಿ ದೂರದಲ್ಲಿ ತೆರೆದೇ ಇದ್ದ ಪೈಪು. ಸುತ್ತಲೂ ಓಡಾಡಿಕೊಂಡು ಕತ್ತರಿಸಿದೆ. ತಮ್ಮ 40 ಮಿ.ಮೀ. ಸಂದನ್ನು ಗಮನಿಸಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಗರಗಸಪ್ರಿಯ ಬರೆದಿದ್ದಾರೆ:

ಲೆಕ್ಕ ಹಾಕಿ ನೋಡೋಣ. 100 ಮಿ.ಮೀ. ಬಿಲ್ಲೆಯ ಅರ್ಧವ್ಯಾಸ 50. ಅದರಲ್ಲಿ ನಟ್ಟು ಮತ್ತು ಗೇರಿನ ಪೆಟ್ಟಿಗೆ ತಿನ್ನುವುದನ್ನು ಕಳೆದರೆ ನಿಜಕ್ಕೂ ಒಳಗೆ ಇಳಿಯುವುದು 25 ಮಿ.ಮೀ. ಆಸುಪಾಸು, ಬಿಲ್ಲೆ ಸವೆದಂತೆ ಅದೂ ಇಲ್ಲ. ಹೊರವ್ಯಾಸ 110 ಮಿ.ಮೀ. ಇರುವ ಪೈಪನ್ನು ಮುಂದಿನಿಂದಲೂ ಓರೆಯಾಗಿ ಪಕ್ಕಗಳಿಂದಲೂ ಕೊಯ್ದರೂ ಹಿಂದಿನ ಮೂರನೆಯ ಒಂದು ಭಾಗ ಹಾಗೆಯೇ ಉಳಿಯುತ್ತದೆ. ಮುಂದೆ ಕಿಟಕಿಯಂತೆ ತೆರೆದು, ಯಂತ್ರದ ತಲೆಯನ್ನು ಪೈಪಿನೊಳಕ್ಕೆ ತೂರಿಸಿ ಹಿಂಭಾಗವನ್ನು ಒಳಗಿನಿಂದ ಕೊಯ್ಯುವವರಿದ್ದಾರೆ. ಬಿಲ್ಲೆ ಸಿಕ್ಕಿಕೊಂಡರೆ ಯಂತ್ರ ಒದೆಯುವುದು ಮುಖದ ಕಡೆಗೆ. ಅದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಆಳ ಸಾಲದೆಂದು ಗಾರ್ಡನ್ನು, ಅಂದರೆ ಬಿಲ್ಲೆಯ ರಕ್ಷಣಾ ಕವಚವನ್ನು, ಬಿಚ್ಚಿ ದೊಡ್ಡ ಬಿಲ್ಲೆ ಹಾಕುವ ಚಾಳಿಯೂ ಇದೆ. ಸೆಕೆಂಡಿಗೆ 80 ಮೀಟರ್ ವೇಗಕ್ಕೆ ತಯಾರಾದ 180 ಮಿ.ಮೀ. ಬಿಲ್ಲೆಯ ಮೇಲೆ ನಿಮಿಷಕ್ಕೆ ಸುಮಾರು 8500 ಸುತ್ತು ಎಂಬ ಮಿತಿ ಅಚ್ಚಾಗಿರುತ್ತದೆ. ಸಣ್ಣ ಗ್ರೈಂಡರ್ ತಿರುಗುವುದು 11,000ಕ್ಕೂ ಮೇಲೆ. ಬಿಲ್ಲೆ ಸಿಡಿದರೆ ಅದು ಹೋಗುವ ದಿಕ್ಕನ್ನು ತಡೆಯಲು ಆಗ ಗಾರ್ಡೂ ಇರುವುದಿಲ್ಲ.

ತಮ್ಮ ಜಾಗಕ್ಕೆ ಒಪ್ಪುವುದು ರೆಸಿಪ್ರೊಕೇಟಿಂಗ್ ಗರಗಸ, ಅಂದರೆ ತಾವು ಕೇಳಿದ ಹಿಂದೆ ಮುಂದೆ ಆಡುವ ವಿದ್ಯುತ್ ಗರಗಸವೇ, ಆದರೆ ಅದಕ್ಕೆ ಹಾಕುವ ಬ್ಲೇಡಿನ ಮೇಲೆ ಎಲ್ಲವೂ ನಿಂತಿದೆ. ಎರಡು ಬಗೆಯ ಉಕ್ಕನ್ನು ಬೆಸೆದ ಸಾಮಾನ್ಯ ಬೈಮೆಟಲ್ ಬ್ಲೇಡಿನ ಹಲ್ಲು ಬೀಡಿನ ಗಟ್ಟಿ ಹೊರಪದರಕ್ಕೆ ತಾಗಿ ಕೆಲವೇ ನಿಮಿಷಗಳಲ್ಲಿ ಬೋಳಾಗುತ್ತದೆ, ಆಮೇಲೆ ಅದು ಉಜ್ಜುತ್ತದೆಯೇ ಹೊರತು ಕೊಯ್ಯುವುದಿಲ್ಲ. ಇಂಚಿಗೆ ಎಂಟು ಹಲ್ಲುಗಳಿರುವ, ಪ್ರತಿ ಹಲ್ಲಿಗೂ ಕಾರ್ಬೈಡ್ ಎಂಬ ಉಕ್ಕಿಗಿಂತ ಗಟ್ಟಿಯಾದ ವಸ್ತುವಿನ ತುದಿ ಇರುವ ಬ್ಲೇಡ್ ತನ್ನಿ. ಹಲ್ಲಿನ ಬದಲು ಕಾರ್ಬೈಡ್ ಹರಳು ಅಂಟಿಸಿದ ಬ್ಲೇಡ್ ನಿಧಾನ, ಆದರೆ ಪೈಪಿಗೆ ಬೀಳುವ ಕುಲುಕಾಟ ಕಡಿಮೆ. ಹಿಂಭಾಗ ಸತ್ತಿದೆ ಎಂದಿರಿ, ಆದ್ದರಿಂದ ಅಂತಹ ಒಂದನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ವೇಗ ಮಧ್ಯಮಕ್ಕಿಂತ ಕೆಳಗೆ ಇರಲಿ. ಯಂತ್ರದ ಮುಂಗಾಲನ್ನು, ಅಂದರೆ ಬ್ಲೇಡಿನ ಬುಡದಲ್ಲಿರುವ ಆನಿಸುವ ಲೋಹದ ಪಟ್ಟಿಯನ್ನು, ಪೈಪಿಗೆ ಒತ್ತಿ ಹಿಡಿದಷ್ಟೂ ಕುಲುಕಾಟ ತಗ್ಗುತ್ತದೆ. ಎಣ್ಣೆ ಬೇಡ, ಬೀಡಿನೊಳಗಿನ ಗ್ರಾಫೈಟೇ ಜಾರಿಕೆ ಕೊಡುತ್ತದೆ; ಸುರುಳಿ ಚೂರಿನ ಬದಲು ಮಸಿಯಂತಹ ಕಪ್ಪು ಪುಡಿ ಉದುರುತ್ತದೆ.

ಈಗ ತಮ್ಮ 40 ಮಿ.ಮೀ. ಸಂದಿಗೆ ಬರೋಣ, ಏಕೆಂದರೆ ನಿಜವಾದ ತೊಡಕು ಇರುವುದು ಅಲ್ಲಿಯೇ. ಬ್ಲೇಡ್ ಒಂದು ಹೊಡೆತಕ್ಕೆ ಸುಮಾರು 28 ಮಿ.ಮೀ. ಹಿಂದೆ ಮುಂದೆ ಹೋಗುತ್ತದೆ. ಅದು ಪೂರ್ತಿ ಹಿಂದಕ್ಕೆ ಬಂದಾಗಲೂ ತುದಿ ಪೈಪಿನ ಹಿಂಬದಿಯನ್ನು ದಾಟಿಯೇ ಇರಬೇಕು. ಪೈಪಿನೊಳಕ್ಕೆ ಬಂದುಬಿಟ್ಟರೆ ಮುಂದಿನ ಹೊಡೆತದಲ್ಲಿ ತುದಿ ಒಳಗೋಡೆಗೆ ಗುದ್ದಿ ಬ್ಲೇಡ್ ಬಾಗುತ್ತದೆ, ಮಣಿಕಟ್ಟು ತಿರುಚುತ್ತದೆ. ಪೂರ್ತಿ ಮುಂದಕ್ಕೆ ಹೋದಾಗ ಅದು ಹಿಂದಿನ ಕಟ್ಟಡದ ಗೋಡೆಗೂ ಬಡಿಯಬಾರದು. 40ರಲ್ಲಿ 28 ಕಳೆದರೆ ಎರಡೂ ಕಡೆಗೆ ಸೇರಿ ಉಳಿಯುವ ಅವಕಾಶ 12 ಮಿ.ಮೀ. ಮಾತ್ರ. ಮುಂಗಾಲನ್ನು ಹೊಂದಿಸಿಕೊಳ್ಳುವ ಯಂತ್ರವಾದರೆ ಅದರಿಂದಲೇ ಸರಿಮಾಡಬಹುದು. ಅಷ್ಟಕ್ಕೂ ಬ್ಲೇಡ್ ಉದ್ದವೆನಿಸಿದರೆ ತಮ್ಮ ಗ್ರೈಂಡರಿನಿಂದ ಅದರ ತುದಿಯನ್ನು ಕತ್ತರಿಸಿಕೊಳ್ಳಿ. ಗ್ರೈಂಡರಿಗೆ ಅಷ್ಟಾದರೂ ಕೆಲಸ ಸಿಕ್ಕಂತಾಯಿತು.

ಸಾವಧಾನ ಬರೆದಿದ್ದಾರೆ:

ಹ್ಯಾಕ್ಸಾವನ್ನು ಯಾರೂ ಮಾತನಾಡಿಸಲೇ ಇಲ್ಲ. ನಾನು 50 ಮಿ.ಮೀ. ಬೀಡಿನ ಪೈಪೊಂದನ್ನು ಇಂಚಿಗೆ 24 ಹಲ್ಲಿನ ಬ್ಲೇಡಿನಿಂದ ಕತ್ತರಿಸಿದ್ದೇನೆ; ಮೂರು ಬ್ಲೇಡು, ಒಂದು ಮಧ್ಯಾಹ್ನ. 100 ಮಿ.ಮೀ. ಪೈಪಿನ ಎರಡು ಗೆರೆಗಳಿಗೆ ಆ ಸಾಹಸ ಬೇಡ, ಆದರೆ ಕೊನೆಯ ನಾಲ್ಕು ಬೆರಳಗಲ ಎಲ್ಲಿಯೋ ಮೂಲೆಯಲ್ಲಿ ಉಳಿದರೆ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಬರಿಗೈಯಲ್ಲಿ ಎಳೆದು ಮುಗಿಸಬಹುದು. ಹಿಂದಿನವರು ನೆಲದ ಮೇಲಿಟ್ಟ ಪೈಪನ್ನು ಮರಳ ಹಾಸಿನಲ್ಲಿ ಉರುಳಿಸುತ್ತಾ ಉಳಿ ಸುತ್ತಿಗೆಯಿಂದ ಸುತ್ತಲೂ ಗೀರಿ ಮುರಿಯುತ್ತಿದ್ದರು. ನಿಂತ ಪೈಪಿಗೆ, ಅದರಲ್ಲೂ ಸೀಳಿದ ಪೈಪಿಗೆ, ಆ ವಿಧಾನವನ್ನು ಯೋಚಿಸಲೂ ಬಾರದು.

ಕೊಳಾಯಿಗಾರ ಬರೆದಿದ್ದಾರೆ:

ಹಿಂಭಾಗದ ಸದ್ದು ಬೊದ್ದು ಎಂದ ಮೇಲೆ ಚೈನ್ ಕಟರಿನ ಸಲಹೆಯನ್ನು ಮೇಲಿನ ಗೆರೆಯ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ಕೆಳಗಿನ ಗೆರೆಗೆ ಅದು ಈಗಲೂ ನಡೆಯುತ್ತದೆ. ಒಂದೇ ಗೆರೆಗೆಂದು ಬಾಡಿಗೆಗೆ ತರುವುದು ಬಿಡುವುದು ತಮಗೆ ಬಿಟ್ಟದ್ದು.

ಆದರೆ ಸಾಧನಗಳ ಚರ್ಚೆಯಲ್ಲಿ ಎಲ್ಲರೂ ಮರೆತ ವಿಷಯವೊಂದಿದೆ. ಕತ್ತರಿಸಿದ ಮೇಲೆ ಮೇಲಿನ ಪೈಪು ಯಾವುದರ ಮೇಲೆ ನಿಲ್ಲುತ್ತದೆ? 100 ಮಿ.ಮೀ. ಬೀಡು ಪೈಪು ಮೀಟರಿಗೆ 11ರಿಂದ 13 ಕಿಲೋ ತೂಗುತ್ತದೆ. ತಮ್ಮ ಮೇಲೆ ಎರಡು ಮಹಡಿ ಎಂದರೆ ಆರೇಳು ಮೀಟರ್, ಮೇಲೆ ಚಾವಣಿ ದಾಟಿದ ಗಾಳಿ ಕೊಳವೆ ಬೇರೆ. ಕಡಿಮೆಯೆಂದರೂ ಎಂಬತ್ತು ತೊಂಬತ್ತು ಕಿಲೋ. ಗೋಡೆಯ ಹಿಡಿಕೆಗಳು ತುಕ್ಕು ಹಿಡಿದು ಸಡಿಲವಾಗಿದ್ದರೆ ಅಷ್ಟು ಭಾರವೂ ಈಗ ಕೆಳಗಿನ ಪೈಪಿನ ಮೇಲೆಯೇ ಕುಳಿತಿರುತ್ತದೆ. ತುಂಡು ತೆಗೆದ ಕ್ಷಣ ಅದು ಇಳಿಯುತ್ತದೆ, ಮತ್ತು ಇಳಿಯುವಾಗ ಮೇಲಿನ ಮಹಡಿಯ ಕಮೋಡಿನ ಜೋಡಣೆಯನ್ನೂ ಎಳೆದುಕೊಂಡು ಬರುತ್ತದೆ.

ಮೇಲಿನ ಗೆರೆಗಿಂತ ಮೇಲೆ, ಸಾಧ್ಯವಾದರೆ ಪೈಪಿನ ಅಗಲವಾದ ಸಾಕೆಟ್ ಬಾಯಿಯ ಕೆಳಗೆ, ನಿಂತ ಪೈಪಿನ ಭಾರ ಹೊರುವ ರೈಸರ್ ಕ್ಲಾಂಪ್ ಬಿಗಿದು, ಅದರ ಎರಡು ತೋಳುಗಳು ಗೋಡೆಗೆ ಬೋಲ್ಟ್ ಮಾಡಿದ ಕೋನಪಟ್ಟಿಗಳ ಮೇಲೆ ಕೂರುವಂತೆ ಮಾಡಿ. ಮೊದಲು ಮೇಲಿನ ಗೆರೆಯನ್ನು ಕತ್ತರಿಸಿ. ಅರ್ಧ ಕೊಯ್ದಾಗ ಗರಗಸ ಮಾಡಿದ ಸಂದಿಗೆ ಒಂದು ತೆಳು ತಗಡಿನ ಚೂರು ತೂರಿಸಿ ನೋಡಿ; ಅದು ಸಲೀಸಾಗಿ ಆಡುತ್ತಿದ್ದರೆ ಕ್ಲಾಂಪ್ ಭಾರ ಹೊತ್ತಿದೆ, ಹಿಡಿದುಕೊಂಡರೆ ಪೈಪು ಕೆಳಗೆ ಕೂರುತ್ತಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ ಆಧಾರವನ್ನು ಸರಿಪಡಿಸಬೇಕು. ಕೆಳಗಿನ ಗೆರೆ ಮುಗಿಯುವ ಮೊದಲೇ ನಡುವಿನ ತುಂಡಿಗೆ ಹಗ್ಗ ಕಟ್ಟಿ ಮೇಲೆ ಸಿಕ್ಕಿಸಿರಬೇಕು. ಏಳು ಕಿಲೋ ತುಂಡು ಕಾಲ ಮೇಲೆ ಬಿದ್ದವರನ್ನು ನಾನು ನೋಡಿದ್ದೇನೆ, ಆತ ನಾನೇ.

ಮೇಲಿನ ಮನೆಯವರಿಗೆ ನೀರು ಬಿಡಬೇಡಿರೆಂದು ಬಾಯಲ್ಲಿ ಹೇಳಿದರೆ ಸಾಲದು. ಅವರ ಕಮೋಡಿನ ಮುಚ್ಚಳಕ್ಕೆ ಟೇಪು ಅಂಟಿಸಿ ಬನ್ನಿ.

ಮೂರನೆಯ ಮಹಡಿ ಬರೆದಿದ್ದಾರೆ:

ಗ್ರೈಂಡರಿಗೆ ಅವಮಾನವಾಯಿತೆಂದು ನಾನು ಮುನಿಸಿಕೊಂಡಿಲ್ಲ. ಆದರೆ ಗರಗಸ ನಿಲ್ಲಲು ಮೊದಲೊಂದು ಗೀರು ಬೇಕಲ್ಲವೇ? ದುಂಡನೆಯ ಪೈಪಿನ ಪಕ್ಕದಲ್ಲಿ ಬ್ಲೇಡ್ ಜಾರಾಡುತ್ತದೆ. ಕೈಗೆ ಸಿಗುವಷ್ಟು ಭಾಗದಲ್ಲಿ ಗ್ರೈಂಡರಿನಿಂದ ಎರಡು ಮಿ.ಮೀ. ಆಳದ ಗೆರೆ ಎಳೆದುಕೊಂಡರೆ ಗರಗಸ ಹಳಿಯ ಮೇಲೆ ಓಡಿದಂತೆ ಓಡುತ್ತದೆ. ಲೋಹಕ್ಕೆಂದೇ ಇರುವ ವಜ್ರದ ಬಿಲ್ಲೆ ಸಿಕ್ಕರೆ ಉತ್ತಮ, ಅದು ಸವೆದು ಕಿರಿದಾಗುವುದಿಲ್ಲ.

ಕುಲುಮೆ ಬರೆದಿದ್ದಾರೆ:

ಈ ಸಲಹೆ ಸರಿಯಾಗಿದೆ. ಒಂದೇ ಎಚ್ಚರಿಕೆ: ಗೀರುವಾಗ ಬಿಲ್ಲೆ ಪೈಪಿನೊಳಕ್ಕೆ ತೂತು ಮಾಡಬಾರದು. ಚರಂಡಿಯ ಗಾಳಿಯಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಇರುತ್ತವೆ, ಎರಡೂ ಹೊತ್ತಿಕೊಳ್ಳುವ ಅನಿಲಗಳು. ಚಾವಣಿಯ ಗಾಳಿ ಕೊಳವೆ ತೆರೆದಿದ್ದರೆ ಅವು ಶೇಖರವಾಗುವುದು ಕಡಿಮೆ, ಆದರೂ ಸೀಳಿದ ಪೈಪಿನಿಂದ ಡಕ್ಟಿನೊಳಗೆ ಸೋರಿ ನಿಂತಿರಬಹುದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿನ ಗ್ರಹಣಶಕ್ತಿಯೇ ಮಂಕಾಗುತ್ತದೆ, ಆದ್ದರಿಂದ ವಾಸನೆ ಹೋಯಿತೆಂದರೆ ಗಾಳಿ ಶುದ್ಧವಾಯಿತೆಂದು ತಿಳಿಯಬಾರದು. ಸೀಳಿಗೆ ಒದ್ದೆ ಬಟ್ಟೆ ಸುತ್ತಿ, ಡಕ್ಟಿನ ಬಾಗಿಲನ್ನು ಮೊದಲೇ ತೆರೆದಿಟ್ಟು, ಫ್ಯಾನನ್ನು ಹೊರಗಿನಿಂದ ಒಳಕ್ಕೆ ಗಾಳಿ ನೂಕುವಂತೆ ಇಡಿ. ಕಿಡಿ ಹಾರುವ ದಿಕ್ಕಿನಲ್ಲಿ ಮರವಾಗಲಿ ಪ್ಲಾಸ್ಟಿಕ್ಕಾಗಲಿ ಇರಬಾರದು.

ಕಣ್ಣಿಗೆ ಮುಚ್ಚಿದ ಕನ್ನಡಕ, ಮುಖಕ್ಕೆ ಧೂಳು ಸೋಸುವ ಮಾಸ್ಕ್. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಒಳಗಿನ ಪೊರೆಯಲ್ಲಿ ರೋಗಾಣುಗಳಂತೂ ಇದ್ದೇ ಇರುತ್ತವೆ.

ಗರಗಸಪ್ರಿಯ ಬರೆದಿದ್ದಾರೆ:

ಕಪ್ಲಿಂಗ್ ಕೊಳ್ಳುವ ಮೊದಲು ಹೊರವ್ಯಾಸವನ್ನು ಅಂದಾಜಿನಿಂದ ಹೇಳಬೇಡಿ. ಪೈಪಿನ ಸುತ್ತ ದಾರ ಸುತ್ತಿ ಅಳೆದು 3.14ರಿಂದ ಭಾಗಿಸಿ. ಬರಿಯ ರಬ್ಬರ್ ತೋಳಿಗಿಂತ ಹೊರಗೆ ಸ್ಟೇನ್‌ಲೆಸ್ ಉಕ್ಕಿನ ಕವಚವಿರುವ ಕಪ್ಲಿಂಗ್ ಆರಿಸಿ. ಬರಿ ರಬ್ಬರ್ ಕಾಲಕ್ರಮದಲ್ಲಿ ಭಾರಕ್ಕೆ ಬಾಗಿ ಎರಡು ಪೈಪುಗಳ ಬಾಯಿ ಒಂದಕ್ಕೊಂದು ತಪ್ಪುತ್ತದೆ.

ಹಳೆಮನೆ ಬರೆದಿದ್ದಾರೆ:

ಕೆಲಸ ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ. ಕ್ಲಾಂಪ್ ಮತ್ತು ಕೋನಪಟ್ಟಿ ಕೂರಿಸುವುದಕ್ಕೇ ಅರ್ಧ ದಿನ ಹಿಡಿಯಿತು. ಕತ್ತರಿಸಲು ಮೇಲಿನ ಗೆರೆಗೆ ಇಪ್ಪತ್ತು ನಿಮಿಷ, ಕೆಳಗಿನದಕ್ಕೆ ಹದಿನಾಲ್ಕು. ದಪ್ಪ ಕಾಗದವೊಂದನ್ನು ಪೈಪಿಗೆ ಸುತ್ತಿ, ಅಂಚುಗಳು ಕೂಡುವಂತೆ ಹಿಡಿದು, ಆ ಅಂಚಿನ ಉದ್ದಕ್ಕೂ ಗೆರೆ ಎಳೆದುಕೊಂಡೆ, ಗ್ರೈಂಡರಿನಿಂದ ಮುಂಭಾಗ ಮತ್ತು ಪಕ್ಕಗಳಲ್ಲಿ ಗೀರಿದೆ, ಉಳಿದದ್ದೆಲ್ಲ ಗರಗಸದ್ದು. ಬ್ಲೇಡಿನ ತುದಿಯನ್ನು ನಿಜಕ್ಕೂ 30 ಮಿ.ಮೀ. ಕತ್ತರಿಸಬೇಕಾಯಿತು. ಮೊದಲು ಅಳತೆ ತಪ್ಪಿ ಕಡಿಮೆ ಕತ್ತರಿಸಿದ್ದರಿಂದ ತುದಿ ಹಿಂದಿನ ಗೋಡೆಗೆ ಟಕಟಕನೆ ಬಡಿದು ಗಾರೆ ಉದುರಿತು, ಅಷ್ಟರಲ್ಲಿ ಎರಡು ಹಲ್ಲು ಹೋದವು.

ಹಿಂಭಾಗ ತಲುಪಿದಾಗ ಸದ್ದೇ ಬದಲಾಯಿತು. ಅಲ್ಲಿಯವರೆಗೆ ಕರಕರ ಎನ್ನುತ್ತಿದ್ದ ಗರಗಸ ಒಮ್ಮೆಗೇ ಒಣ ರೊಟ್ಟಿ ಕೊಯ್ದಂತೆ ಮೆತ್ತಗೆ ಸಾಗಿತು. ತೆಗೆದ ತುಂಡಿನ ಮೇಲಿನ ಅಂಚನ್ನು ಅಳೆದೆ: ಮುಂದೆ 5.5 ಮಿ.ಮೀ., ಹಿಂದೆ 2.5 ಮಿ.ಮೀ., ಆ ಎರಡೂವರೆಯಲ್ಲೂ ಒಳಗಿನ ಅರ್ಧ ಸ್ಕ್ರೂಡ್ರೈವರಿಗೆ ಕಪ್ಪು ಪುಡಿಯಾಗಿ ಬರುತ್ತದೆ. ಕೆಳಗಿನ ಅಂಚು ಸುತ್ತಲೂ 5 ಮಿ.ಮೀ. ಇದೆ.

ಅರದಿಂದ ಅಂಚುಗಳನ್ನು ಸವರಿ ಕಪ್ಲಿಂಗ್ ಹಾಕಿದೆ. ಮೊದಲ ಬಾರಿ ನೀರು ಬಿಟ್ಟಾಗ ಮೇಲಿನ ಜೋಡಣೆಯಲ್ಲಿ ಹನಿಯಿತು. ಬಿಚ್ಚಿ ನೋಡಿದರೆ ಹಳೆಯ ಬಣ್ಣ ಇಳಿದು ಗಟ್ಟಿಯಾಗಿದ್ದ ಒಂದು ಗೆರೆ ರಬ್ಬರಿನಡಿ ಉಳಿದುಕೊಂಡಿತ್ತು. ಅದನ್ನು ಕೆರೆದು ಮತ್ತೆ ಬಿಗಿದ ಮೇಲೆ ನಾಲ್ಕು ದಿನಗಳಿಂದ ಒಣಗಿದೆ.

ಕೊಳಾಯಿಗಾರ ಬರೆದಿದ್ದಾರೆ:

ಮೇಲಿನ ಕಪ್ಲಿಂಗಿನ ಪಟ್ಟಿಯನ್ನು ಇನ್ನಷ್ಟು ಬಿಗಿಯಲು ಹೋಗಬೇಡಿ, ಆ ಹಿಂಭಾಗ ತಾಳಲಾರದು. ಗೆರೆಗಿಂತ ಮೇಲಕ್ಕೂ ತಟ್ಟಿ ನೋಡಿದಿರಾ? ಬೊದ್ದು ಸದ್ದು ಎಲ್ಲಿಗೆ ನಿಲ್ಲುತ್ತದೆ?

ಹಳೆಮನೆ ಬರೆದಿದ್ದಾರೆ:

ಏಣಿ ಹಾಕಿ ಕೈ ಎಟುಕುವವರೆಗೆ ತಟ್ಟಿದೆ. ನಿಲ್ಲುತ್ತಿಲ್ಲ. ನಾಳೆ ಮೇಲಿನ ಮನೆಯವರ ಡಕ್ಟಿನ ಬಾಗಿಲು ತೆಗೆಸಬೇಕು. ಗರಗಸವನ್ನು ಇನ್ನೂ ಪೆಟ್ಟಿಗೆಗೆ ಹಾಕಿಲ್ಲ.